‘ಎಂದರೆ ಸರಿ’

ಶಿಡ್ಲಘಟ್ಟದ ಕಡೆ ನಮ್ಮ ಚಿಕ್ಕಮ್ಮನ ಊರು. ಸಂಜೆ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕಿ, ಕೈಕಾಲು ತೊಳೆದುಕೊಂಡು ಬಂದು ಅವಳು ಟಿವಿ ಮುಂದೆ ಕೂರುವುದು ಒಂದೇ ಧಾರಾವಾಹಿಗೆ. ಕೊಲೆಯಾದ ಮಗಳಿಗಾಗಿ ತಾಯಿಯೊಬ್ಬಳು ನ್ಯಾಯ ಕೇಳುತ್ತಾ ಊರೂರು ಅಲೆಯುವ ಕಥೆ. ಬೋರ್‌ವೆಲ್ ನೀರಿನ ಜಗಳದಲ್ಲಿ ಇಪ್ಪತ್ನಾಲ್ಕು ವರ್ಷದ ಮಗನನ್ನು ಕಳೆದುಕೊಂಡವಳು ಇಂಥದ್ದನ್ನು ಏಕೆ ನೋಡುತ್ತಾಳೆಂದು ನನಗೆ ಕಸಿವಿಸಿ. ಒಮ್ಮೆ ಚಾನೆಲ್ ಬದಲಿಸಲು ಹೋದೆ.

“ಇರಲಿ ಬಿಡು. ನಾಳೆ ನನ್ನನ್ನೂ ಕೂಗುತ್ತಾರಲ್ಲ, ಅಲ್ಲಿ ಹೇಗೆ ಮಾತನಾಡಬೇಕು ಎಂದು ಗೊತ್ತಾಗುತ್ತದೆ” ಎಂದಳು.

ಅವಳು ಅದನ್ನು ಪಾಠದಂತೆ ನೋಡುತ್ತಿದ್ದಳು ಎಂಬುದು ಅಂದು ತಿಳಿಯಿತು. ತಪ್ಪೇನಿಲ್ಲ. ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುತ್ತಾರಲ್ಲ, ಆ ಪಾಟಿ ಸವಾಲು ಎಂಬ ಮಾತನ್ನು ನಮ್ಮ ಜನಕ್ಕೆ ಕಲಿಸಿದ್ದೇ ಟಿವಿ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳು ಬರುತ್ತಿದ್ದ ಕಾಲದಲ್ಲಿ ಕೋರ್ಟಿನ ದೃಶ್ಯವಿದೆಯೆಂದರೆ ನಮ್ಮ ಮನೆಯಲ್ಲಿ ಅನ್ನಕ್ಕಿಟ್ಟದ್ದು ಸೀದರೂ ಯಾರೂ ಏಳುತ್ತಿರಲಿಲ್ಲ. ಅವರು ವಕೀಲಿಕೆ ಮಾಡಿ ಬಂದವರು, ಪ್ರಶ್ನೆಗೊಂದು ಬುಡವಿರುತ್ತಿತ್ತು. ಈಗಿನ ಧಾರಾವಾಹಿಯಲ್ಲಿ ನ್ಯಾಯಾಧೀಶರು ಸುತ್ತಿಗೆ ಕುಟ್ಟುತ್ತಾರೆ. ನಮ್ಮ ನ್ಯಾಯಾಲಯಗಳಲ್ಲಿ ಸುತ್ತಿಗೆ ಎಲ್ಲಿಂದ ಬರಬೇಕು?

ಸಮನ್ಸ್ ಬಂದದ್ದು ಶ್ರಾವಣದಲ್ಲಿ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಏಳನೇ ದಿನ. ಆ ಹಂತದಲ್ಲಿ ಹುಳು ಬಿಟ್ಟು ಯಾರೂ ಮನೆಯಾಚೆ ಹೋಗುವುದಿಲ್ಲ. ಇವತ್ತೋ ನಾಳೆಯೋ ಹಣ್ಣಾಗುತ್ತವೆ, ಹಣ್ಣಾದದ್ದನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಪಕ್ಕದ ಮನೆಯವಳಿಗೆ ಹುಳುಮನೆಯ ಬೀಗದ ಕೈ ಕೊಟ್ಟು, ಹತ್ತು ಸಲ ಹೇಳಿದ್ದನ್ನೇ ಹೇಳಿ, ಬೆಳಗಿನ ಏಳರ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಅವಳು ತುಟಿ ಅಲುಗಾಡಿಸುತ್ತಿದ್ದಳು. ಮಂತ್ರವಲ್ಲ, ಕೋರ್ಟಿನಲ್ಲಿ ಹೇಳಬೇಕಾದ ಮಾತು.

ಚಿಕ್ಕಬಳ್ಳಾಪುರದ ನ್ಯಾಯಾಲಯದಲ್ಲಿ ಮೊದಲ ಪೆಟ್ಟು ಬಿದ್ದದ್ದು ನೋಟಿಸ್ ಬೋರ್ಡಿನ ಮುಂದೆ. ಅಂದಿನ ಪ್ರಕರಣಗಳ ಪಟ್ಟಿಯಲ್ಲಿ ನಮ್ಮದನ್ನು ಹುಡುಕಿ ಓದಿ ಹೇಳಿದೆ: ಒಂದು ಕಡೆ ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿಗಳು.

“ನನ್ನ ಮಗನ ಹೆಸರು?”

“ಪಟ್ಟಿಯಲ್ಲಿ ಇರುವುದಿಲ್ಲ ಚಿಕ್ಕಮ್ಮ.”

“ನನ್ನದು?”

ನಾನು ಸುಮ್ಮನಿದ್ದೆ. ಕೊಲೆ ರಾಜ್ಯದ ವಿರುದ್ಧದ ಅಪರಾಧ, ನಡೆಸುವವರು ಸರ್ಕಾರಿ ಅಭಿಯೋಜಕರು, ತಾಯಿ ಅಲ್ಲಿ ಒಬ್ಬ ಸಾಕ್ಷಿ ಅಷ್ಟೆ. ಇದನ್ನು ಮೊದಲೇ ನನಗೆ ಬಿಡಿಸಿ ಹೇಳಿದ್ದವರು ಪರಿಚಯದ ವಕೀಲರೊಬ್ಬರು. 2009ರ ತಿದ್ದುಪಡಿಯ ನಂತರ ನೊಂದವರ ಕಡೆಯವರು ತಮ್ಮದೇ ವಕೀಲರನ್ನಿಟ್ಟು ಅಭಿಯೋಜಕರಿಗೆ ನೆರವಾಗಬಹುದಂತೆ, ಆರೋಪಿ ಖುಲಾಸೆಯಾದರೆ ತಾವೇ ಮೇಲ್ಮನವಿ ಹಾಕಬಹುದಂತೆ. ಅದಕ್ಕೂ ಮುಂಚೆ ಇಂಥ ಪ್ರಕರಣಗಳಲ್ಲಿ ಮೇಲ್ಮನವಿ ಹೋಗಬೇಕೋ ಬೇಡವೋ ಎನ್ನುವುದು ಸರ್ಕಾರದ ಕೈಯಲ್ಲಿತ್ತು. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ ಎಂದವರೂ ಅವರೇ. ನೂರಾರು ಕಂತು ನೋಡಿದ ಚಿಕ್ಕಮ್ಮನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಎರಡನೆಯದು ಬೆಂಚು. ಧಾರಾವಾಹಿಯಲ್ಲಿ ಇಡೀ ಕುಟುಂಬ ಮುಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತದೆ. ಇಲ್ಲಿ ಸಾಕ್ಷಿ ಹೇಳಬೇಕಾದವರು ತಮ್ಮ ಸರದಿ ಬರುವವರೆಗೆ ಹೊರಗಿರಬೇಕು. ಒಳಗೆ ಪೊಲೀಸರ ಸ್ಥಳ ಮಹಜರಿಗೆ ಸಹಿ ಹಾಕಿದ ಪಂಚರೊಬ್ಬರ ಸಾಕ್ಷ್ಯ ನಡೆಯುತ್ತಿತ್ತು. ಮಗ ಸತ್ತ ಜಾಗದ ಬಗ್ಗೆ ಯಾರೋ ಏನೋ ಹೇಳುತ್ತಿದ್ದಾರೆ, ತಾಯಿ ಗೋಡೆಯ ಈಚೆ.

ಹನ್ನೊಂದಕ್ಕೆ ಚಹಾ ಕುಡಿಯೋಣವೆಂದು ಗೇಟಿನ ಬಳಿ ಹೋದೆವು. ಜಾಮೀನಿನ ಮೇಲಿದ್ದ ಆರೋಪಿಗಳಿಬ್ಬರೂ ಅದೇ ಅಂಗಡಿಯ ಮುಂದೆ ನಿಂತಿದ್ದರು. ಒಬ್ಬ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಅಂಗಡಿಯವನಿಗೆ ಏನು ಗೊತ್ತು, ನಮ್ಮ ಗ್ಲಾಸುಗಳನ್ನು ಅವನ ಕೈಗೇ ಕೊಟ್ಟು ‘ಆ ಕಡೆ ದಾಟಿಸಿ’ ಎಂದ. ಅವನು ದಾಟಿಸಿದ. ಚಿಕ್ಕಮ್ಮ ಗ್ಲಾಸು ತೆಗೆದುಕೊಂಡು, ಕುಡಿಯದೆ, ಕಟ್ಟೆಯ ಮೇಲಿಟ್ಟು ಬಂದಳು. ಅಷ್ಟೇ ನಡೆದದ್ದು. ಟಿವಿಯಲ್ಲಾಗಿದ್ದರೆ ಇಲ್ಲಿ ಗುಡುಗು ಕೇಳಬೇಕಿತ್ತು.

ಬೆಂಚಿಗೆ ಮರಳಿದಾಗ ನನಗೆ ‘ಡೆಲ್ಲಿ ಕ್ರೈಮ್’ ನೆನಪಾಯಿತು. 2012ರ ಡಿಸೆಂಬರ್ 16ರ ದೆಹಲಿಯ ನಿರ್ಭಯಾ ಪ್ರಕರಣದ ಮೇಲೆ 2019ರಲ್ಲಿ ಬಂದ ಸರಣಿ. ಏಳು ಕಂತುಗಳ ಮೊದಲ ಭಾಗ ಆರೂ ಆರೋಪಿಗಳು ಸಿಕ್ಕಿಬೀಳುವಲ್ಲಿಗೆ ಮುಗಿಯುತ್ತದೆ. ಅಚ್ಚುಕಟ್ಟಾದ ಕೆಲಸ, ಆ ಮಾತು ಬೇರೆ. ಅವರಲ್ಲಿ ನಾಲ್ವರಿಗೆ ಗಲ್ಲಾದದ್ದು 2020ರ ಮಾರ್ಚ್ 20ರ ಬೆಳಗಿನ ಜಾವ. ಕಥೆ ನಮ್ಮ ಮೊಬೈಲಿಗೆ ಬಂದು ಮುಗಿದು ಒಂದು ವರ್ಷವಾಗುತ್ತ ಬಂದರೂ ನಿರ್ಭಯಾಳ ತಾಯಿಯ ಅಲೆದಾಟ ಮುಗಿದಿರಲಿಲ್ಲ. ಬೆಂಚನ್ನು ತೋರಿಸಿದ್ದು ನಾನು ಕಂಡಂತೆ ‘ಟ್ರಯಲ್ ಬೈ ಫೈರ್’ ಸರಣಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರಲ್ಲ, ಅಲ್ಲಿ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ದಂಪತಿಯ ಕಥೆ. ಅದು ಬೇರೆ ಬಗೆಯ ಅಪರಾಧ. ಆದರೆ ಕಾಯುತ್ತಾ ಕಾಯುತ್ತಾ ಕೂದಲು ನರೆಯುವುದು ಒಂದೇ.

ಊಟದ ವೇಳೆ ಹತ್ತಿರವಾದಾಗ ಜವಾನ ಬಾಗಿಲಿಗೆ ಬಂದು ಅವಳ ಹೆಸರನ್ನು ಮೂರು ಸಲ ಕೂಗಿದ. ಎದುರಿಗೇ ಕೂತಿದ್ದವಳನ್ನು ಮೂರು ಸಲ ಕೂಗುವ ಅಗತ್ಯವಿರಲಿಲ್ಲ, ಪದ್ಧತಿ. ನಾನು ಹಿಂದಿನ ಬೆಂಚಿನಲ್ಲಿ ಜಾಗ ಹಿಡಿದೆ. ಕಟಕಟೆ ಹತ್ತಿದವಳು ಕೈ ಚಾಚಿ ನಿಂತಳು, ಭಗವದ್ಗೀತೆ ಬರುತ್ತದೆಂದು. ಯಾರೂ ತರಲಿಲ್ಲ. ನಮ್ಮಲ್ಲಿ ಪ್ರಮಾಣ ಪುಸ್ತಕದ ಮೇಲಲ್ಲ. 1969ರ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆಂದರೆ ಸಾಕು. ಚಾಚಿದ ಕೈಯನ್ನು ನಿಧಾನಕ್ಕೆ ಸೆರಗಿನೊಳಗೆ ಎಳೆದುಕೊಂಡಳು.

ಆಮೇಲೆ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡಿದ್ದ ಸಾಕ್ಷ್ಯದ ವಸ್ತು. ಅರಗಿನ ಮುದ್ರೆಯಿದ್ದ ಬಟ್ಟೆಯ ಪೊಟ್ಟಣವನ್ನು ಬಿಚ್ಚಿ, ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ತಿಳಿನೀಲಿ ಅಂಗಿ, ಕಲೆಗಳು ಕಾಫಿ ಬಣ್ಣಕ್ಕೆ ತಿರುಗಿ ಬಟ್ಟೆ ಅಟ್ಟೆಯಂತಾಗಿತ್ತು. ಅವಳು ಕಲೆಯನ್ನು ನೋಡಲಿಲ್ಲ. ಜೇಬನ್ನು ನೋಡಿದಳು. ಮೊಬೈಲಿನ ಭಾರಕ್ಕೆ ಜೇಬಿನ ಮೂಲೆ ಕಿತ್ತುಬಂದಾಗ ಮನೆಯಲ್ಲಿ ನೀಲಿ ದಾರವಿರಲಿಲ್ಲವಂತೆ, ಹಸಿರು ದಾರದಲ್ಲಿ ಹೊಲಿದಿದ್ದಳು. ಅದನ್ನೇ ಹೇಳಿದಳು, ಉದ್ದಕ್ಕೆ, ಆ ದಿನ ಮಗ ಬಸ್ಸಿಗೆ ತಡವಾಯಿತೆಂದು ಬೈದದ್ದನ್ನೂ ಸೇರಿಸಿ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿ ಬೆರಳಚ್ಚುಗಾರರಿಗೆ ಬರೆಸಿದರು: “ನನಗೆ ಈಗ ತೋರಿಸಿದ ಅಂಗಿ ನನ್ನ ಮಗನದು. ಜೇಬಿನ ಹೊಲಿಗೆಯಿಂದ ಗುರುತಿಸುತ್ತೇನೆ.”

ಎರಡು ವಾಕ್ಯ. ಅನ್ಯಾಯವೆಂದು ನಾನು ಹೇಳಲಾರೆ, ಬೇಕಾದದ್ದೆಲ್ಲ ಅದರಲ್ಲಿತ್ತು.

ಪಾಟಿ ಸವಾಲಿಗೆ ಎದ್ದ ವಕೀಲರು ಕೂಗಾಡಲಿಲ್ಲ, ಮೇಜು ಗುದ್ದಲಿಲ್ಲ. “ಇಂತಹ ಅಂಗಿಗಳು ಅಂಗಡಿಯಲ್ಲಿ ಸಿಗುತ್ತವೆ ಎಂದರೆ ಸರಿ?” ಎಂದರು, ದರ ಕೇಳಿದ ಹಾಗೆ.

“ಸಿಗುತ್ತವೆ ಸ್ವಾಮಿ.”

“ಇಂತಹ ಅಂಗಿಗಳು ಅಂಗಡಿಯಲ್ಲಿ ಸಿಗುತ್ತವೆ ಎಂದರೆ ಸರಿ” ಎಂದು ಕೀಲಿಮಣೆ ಟಕಟಕಿಸಿತು. ಅಲ್ಲಿಗೆ ಅವಳನ್ನು ಇಳಿಸಿದರು. ಬಸ್ಸಿನಲ್ಲಿ ಕಲಿತಿದ್ದ ಮಾತಿಗೆ ಸಂದು ಸಿಗಲೇ ಇಲ್ಲ.

ವಾಪಸ್ ಬರುವಾಗ ನನಗೆ ಉತ್ತರ ಹೊಳೆಯಿತು: ‘ಅಂಗಿ ಸಿಗುತ್ತದೆ ಸ್ವಾಮಿ, ಹಸಿರು ದಾರ ಹಾಕಿದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ?’ ಎಂದಿದ್ದರೆ! ಇಡೀ ಕೋರ್ಟು ಸ್ತಬ್ಧವಾಗುತ್ತಿತ್ತು. ಅವಳಿಗೆ ಹೇಳಲು ಬಾಯಿ ತೆರೆದು ಸುಮ್ಮನಾದೆ. ಆ ಮಾತು ನನಗೆ ಹೊಳೆದದ್ದು ಧಾರಾವಾಹಿಯಿಂದಲೇ. ಕೇಳಿದ್ದಕ್ಕೆ ನಿಜ ಹೇಳಿದ್ದಳು ಅವಳು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವಳು ಸೀರೆ ಕೂಡ ಬದಲಿಸದೆ ಹುಳುಮನೆಗೆ ನಡೆದಳು. ನಾನು ಅಭ್ಯಾಸಬಲದಿಂದ ಟಿವಿ ಹಾಕಿದೆ. ಆ ತಾಯಿ ಕೋರ್ಟಿನ ನಡುವೆ ನಿಂತು ಕೈಯೆತ್ತಿ ಮಾತನಾಡುತ್ತಿದ್ದಳು, ಯಾರೂ ತಡೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಟಿವಿಯ ಕಡೆ ನೋಡಲಿಲ್ಲ.

“ಎಲ್ಲ ಮುಗಿದ ಮೇಲೆ ಆ ಅಂಗಿ ನಮಗೆ ಕೊಡುತ್ತಾರಾ?”

ತೀರ್ಪಿನ ಕೊನೆಯಲ್ಲಿ ಬರುವ ಸಾಲೊಂದನ್ನು ವಕೀಲರು ನನಗೆ ಹೇಳಿದ್ದರು. ಬೆಲೆಯಿಲ್ಲದ ಮುದ್ದೆಮಾಲನ್ನು ಮೇಲ್ಮನವಿಯ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು.

“ಕೇಳಿ ನೋಡೋಣ” ಎಂದೆ.

“ಹೂಂ. ಹುಳು ಹಣ್ಣಾಗುತ್ತಿವೆ, ಟಾರ್ಚ್ ಹಿಡಿದುಕೊಂಡು ಬಾ” ಎಂದಳು.