ಹೈಕೋರ್ಟ್‌ನಲ್ಲಿ ಅವರು ಗೆದ್ದರಂತೆ, ನಮಗೂ ಆಗುತ್ತಲ್ವಾ?

ದಾವಣಗೆರೆಯಲ್ಲಿ ವಕೀಲಿಕೆ ಮಾಡುವ ನನಗೆ ಅತಿ ಜಾಸ್ತಿ ಎದುರಾಗುವ ಪ್ರಶ್ನೆ ಇದು. ಮೊದಲೆಲ್ಲ ಪೇಪರ್ ತುಣುಕು ಮಡಚಿಕೊಂಡು ತರುತ್ತಿದ್ದರು. ಈಗ ವಾಟ್ಸಾಪ್. "ಸಾರ್, ಹೈಕೋರ್ಟ್ ಹಿಂಗೆ ಹೇಳಿದೆ ನೋಡಿ. ನಮ್ಮದೂ ಡಿಟ್ಟೋ ಇದೇ ಕೇಸು. ನಮಗೂ ಆಗುತ್ತಲ್ವಾ?" ಕೇಳುವವರಲ್ಲಿ ಚನ್ನಗಿರಿ ಕಡೆಯ ಅಡಿಕೆಯವರಿದ್ದಾರೆ, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯವರಿದ್ದಾರೆ, ಜಗಳೂರು, ಚಳ್ಳಕೆರೆ ಸೀಮೆಯ ರೈತರಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದು ಇಡುತ್ತಿದ್ದೇನೆ.

ಆಗಬಹುದು, ಆದರೆ ತಾನಾಗಿ ಆಗುವುದಿಲ್ಲ. ಅವರ ತೀರ್ಪು ಅವರ ಮೇಲಿದ್ದ ಆದೇಶವನ್ನು ತೆಗೆದುಹಾಕುತ್ತದೆ. ನಿಮ್ಮ ಮೇಲಿರುವ ಆದೇಶ ಇದ್ದಲ್ಲೇ ಇರುತ್ತದೆ. ಅದನ್ನು ನೀವೇ ಪ್ರಶ್ನೆ ಮಾಡಬೇಕು, ಅದೂ ಗಡುವಿನೊಳಗೆ. ಆದ್ದರಿಂದ ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮಗೆ ಬಂದ ಆದೇಶದ ತಾರೀಖು ಎಷ್ಟು? ಪಕ್ಕದವರ ತೀರ್ಪು ಯಾವತ್ತು ಬಂತು ಅಂತ ಎಲ್ಲರಿಗೂ ಗೊತ್ತಿರುತ್ತದೆ. ತಮ್ಮ ಆದೇಶ ಯಾವತ್ತು ಬಂತು ಅಂತ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. "ಅದು ಧಾರವಾಡದ ತೀರ್ಪು, ನಮ್ಮದು ಬೆಂಗಳೂರಿಗೆ ಹೋಗುವುದು, ಇಲ್ಲಿ ನಡೆಯಲ್ಲ" ಎಂದು ಕೆಲವರು ತಾವೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಹಾಗಿಲ್ಲ. ಕರ್ನಾಟಕ ಹೈಕೋರ್ಟ್ ಒಂದೇ. ಬೆಂಗಳೂರಿನಲ್ಲಿ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿಯಲ್ಲಿ ಇನ್ನೆರಡು ಪೀಠ. ಅವೆರಡೂ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾದವು, 2013ರಲ್ಲಿ ಕಾಯಂ ಆದವು. ಎಲ್ಲಿ ಕೂತು ಹೇಳಿದರೂ ಅದು ಇಡೀ ರಾಜ್ಯಕ್ಕೆ ಹೈಕೋರ್ಟಿನ ಮಾತೇ. ಕೇಸು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಮಾತ್ರ ಜಿಲ್ಲೆ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ, ಚಿತ್ರದುರ್ಗ ಬೆಂಗಳೂರಿಗೆ. ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ಅವರು ಧಾರವಾಡಕ್ಕೆ. ನಮಗೂ ಧಾರವಾಡವೇ ಹತ್ತಿರ, ಆದರೂ ಬೆಂಗಳೂರಿಗೆ ಓಡಬೇಕು. ಈ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ, ಬೆಳಿಗ್ಗೆ ರೈಲು ಹಿಡಿಯುವ ಯಾವ ಕಕ್ಷಿದಾರರನ್ನು ಕೇಳಿದರೂ ಹೇಳುತ್ತಾರೆ. ಅಂದಹಾಗೆ, ಕೇಸಿನ ಸಂಖ್ಯೆ ನೋಡಿದರೇ ಪೀಠ ಗೊತ್ತಾಗುತ್ತದೆ. ಒಂದು ಲಕ್ಷದ ಮೇಲಿನ ಸಂಖ್ಯೆ ಧಾರವಾಡದ್ದು, ಎರಡು ಲಕ್ಷದ ಮೇಲಿನದು ಕಲಬುರಗಿಯದು.

ಈಗ ಜಮೀನಿಗೆ ಬರೋಣ. ನಮ್ಮ ಕಡೆ ಪಿಟಿಸಿಎಲ್ ಕೇಸಿನಷ್ಟು ತೀರ್ಪುಗಳು ಓಡಾಡುವ ವಿಷಯ ಇನ್ನೊಂದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಕೊಂಡರೆ, ಮಂಜೂರಾತಿಯ ಷರತ್ತು ಮುರಿದ ಅಥವಾ ಸರ್ಕಾರದ ಅನುಮತಿ ಇಲ್ಲದ ಅಂಥ ಮಾರಾಟ ನಡೆಯುವುದಿಲ್ಲ ಎನ್ನುವ 1978ರ ಕಾಯ್ದೆ ಅದು. ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅರ್ಜಿ ಕೊಟ್ಟರೆ ಜಮೀನು ಮೂಲ ಮಂಜೂರಿದಾರರಿಗೆ ವಾಪಸ್. ಮೇಲ್ಮನವಿ ಡಿಸಿ ಹತ್ತಿರ. ಅಲ್ಲಿಂದ ರಿಟ್, ಅಂದರೆ ಅಧಿಕಾರಿಯ ಆದೇಶ ಪ್ರಶ್ನಿಸುವ ಅರ್ಜಿ, ಹಾಕಿಕೊಂಡು ಹೈಕೋರ್ಟ್.

ಅರ್ಜಿ ಎಷ್ಟು ವರ್ಷದೊಳಗೆ ಕೊಡಬೇಕು ಅಂತ ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡುವು ಬರೆದಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಬರಬೇಕು ಎಂದಿತು. ಅಲ್ಲಿ ಅರ್ಜಿ ಬಂದಿದ್ದು ಎರಡು ದಶಕಕ್ಕೂ ಜಾಸ್ತಿ ತಡವಾಗಿ. ಆ ಒಂದು ತೀರ್ಪು ತೋರಿಸಿ ರಾಜ್ಯದ ತುಂಬ ಅರ್ಜಿಗಳು ಬಿದ್ದುಹೋದವು. ಅದರ ವಿರುದ್ಧ ದೊಡ್ಡ ಹೋರಾಟ ಆಯಿತು. 2023ರಲ್ಲಿ ವಿಧಾನಮಂಡಲ ಕಾಯ್ದೆಯ 5ನೇ ಸೆಕ್ಷನ್‌ಗೆ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಯಿತು. ಆ ವರ್ಷ ನನ್ನ ಫೋನಿಗೆ ಬಂದ ಫಾರ್ವರ್ಡುಗಳೆಲ್ಲ ಇದೇ. "ಸಾರ್, ನಮ್ಮಜ್ಜ ಮಾರಿದ ಜಮೀನು ಈಗ ವಾಪಸ್ ಬರುತ್ತೆ ಅಲ್ವಾ?"

ಆದರೆ 2024ರಲ್ಲಿ ಧಾರವಾಡ ಪೀಠದಲ್ಲಿ, ಹಾವೇರಿ ಜಿಲ್ಲೆಯ ಒಂದು ಪ್ರಕರಣದಲ್ಲಿ, ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಬೇರೆ ಮಾತು ಹೇಳಿತು. ತಿದ್ದುಪಡಿ ತೆಗೆದಿದ್ದು ಕಾಲಮಿತಿಯನ್ನು. ವಿಪರೀತ ತಡಮಾಡಿ ಬಂದವರಿಗೆ ಪರಿಹಾರ ಕೊಡಬೇಕೋ ಬೇಡವೋ ಅನ್ನುವುದು ಬೇರೆ ವಿಚಾರ, ಅದು ಹಾಗೇ ಉಳಿದಿದೆ ಎಂದು. ಈಗ ಎರಡೂ ಕಡೆಯವರ ಕೈಯಲ್ಲಿ ಒಂದೊಂದು ಕಾಗದ. ಮಂಜೂರಿದಾರರ ಮೊಮ್ಮಗ ತಿದ್ದುಪಡಿ ತೋರಿಸುತ್ತಾನೆ. ಮೂರನೇ ಕೈಯಿಂದ ಕೊಂಡು ಬೋರ್‌ವೆಲ್ ಕೊರೆಸಿ ತೋಟ ಕಟ್ಟಿದವನು 2024ರ ತೀರ್ಪು ತೋರಿಸುತ್ತಾನೆ. ಇಬ್ಬರೂ "ಹೈಕೋರ್ಟ್ ನಮ್ಮ ಕಡೆ" ಅನ್ನುತ್ತಾರೆ. ನನಗೆ ಅನಿಸುವುದು ಇಷ್ಟು: ತಿದ್ದುಪಡಿ ತಂದ ಉದ್ದೇಶ ಸರಿ ಇತ್ತು, ಬರೆದ ರೀತಿ ಸಾಲಲಿಲ್ಲ. ಏನೇ ಇರಲಿ, ಮಾರಾಟ ಯಾವಾಗ ಆಯಿತು, ಮಂಜೂರಾತಿ ಆದೇಶದಲ್ಲಿ ಏನು ಷರತ್ತು ಇತ್ತು, ಅರ್ಜಿ ಯಾವಾಗ ಕೊಟ್ಟರು, ಆಮೇಲೆ ಎಷ್ಟು ಕೈ ಬದಲಾಯಿತು ಎನ್ನುವುದು ಪ್ರತಿ ಜಮೀನಿಗೂ ಬೇರೆ. ಡಿಟ್ಟೋ ಕೇಸು ಅನ್ನುವುದು ಇಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಹೆಣ್ಣುಮಕ್ಕಳ ಆಸ್ತಿ ಪಾಲಿನ ವಿಷಯದಲ್ಲಿ ಹಳೇ ತೀರ್ಪುಗಳ ಕಾಟ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಎನ್ನುವ 2015ರ ಸುಪ್ರೀಂ ಕೋರ್ಟ್ ತೀರ್ಪು ಇನ್ನೂ ಗ್ರೂಪುಗಳಲ್ಲಿ ತಿರುಗುತ್ತಿದೆ. ಆ ಕೇಸು ಹೊರಟಿದ್ದು ನಮ್ಮ ಕರ್ನಾಟಕದಿಂದಲೇ. ಅದನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ತಿರುಗಿಸಿತು. ಹಕ್ಕು ಹುಟ್ಟಿನಿಂದ, ತಂದೆ ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದು ಅಲುಗುವುದಿಲ್ಲ. ಅಣ್ಣಂದಿರು ಮೊದಲನೆಯದನ್ನು ಕಳಿಸುತ್ತಾರೆ, ತಂಗಿಯರು ಎರಡನೆಯದನ್ನು. ಕೊನೆಯ ವಾಕ್ಯ ಯಾರೂ ಕಳಿಸುವುದಿಲ್ಲ.

ಪಕ್ಕದವರ ಗೆಲುವು ನಿಜವಾಗಿಯೂ ನಿಮ್ಮ ಹಕ್ಕಾಗುವ ಜಾಗ ಒಂದಿದೆ. ಅದು ಭೂಸ್ವಾಧೀನ. ಭದ್ರಾ ಮೇಲ್ದಂಡೆ ಕಾಲುವೆಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಜಮೀನು ಕೊಟ್ಟವರು ಇದನ್ನು ಗಮನವಿಟ್ಟು ಓದಬೇಕು. ಒಂದೇ ನೋಟಿಫಿಕೇಶನ್‌ನಲ್ಲಿ ನಿಮ್ಮ ಹೊಲ, ಪಕ್ಕದವರ ಹೊಲ ಎರಡೂ ಹೋಗಿವೆ. ಅವರು ಪರಿಹಾರ ಸಾಲದು ಎಂದು ಕೋರ್ಟಿಗೆ ಹೋಗಿ ಜಾಸ್ತಿ ಪಡೆದರು. ನೀವು ಸುಮ್ನೆ ಕೊಟ್ಟಷ್ಟು ತೆಗೆದುಕೊಂಡು ಬಂದಿರಿ. ಆಗಲೂ ಅದೇ ದರ ನಮಗೂ ಕೊಡಿ ಎಂದು ಭೂಸ್ವಾಧೀನಾಧಿಕಾರಿಗೆ ಅರ್ಜಿ ಕೊಡಬಹುದು. ಹಳೇ 1894ರ ಕಾಯ್ದೆಯಲ್ಲಿ ಇದು ಸೆಕ್ಷನ್ 28ಎ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸೆಕ್ಷನ್ 73. ಬಡವರು, ಕೋರ್ಟ್ ಮೆಟ್ಟಿಲು ಹತ್ತಲಾಗದವರು ನಷ್ಟಪಡಬಾರದು ಎಂದೇ ಇಟ್ಟ ಸೆಕ್ಷನ್ ಇದು.

ಆದರೆ ಗಡುವು ಮೂರೇ ತಿಂಗಳು. ಲೆಕ್ಕ ಶುರುವಾಗುವುದು ಪಕ್ಕದವರಿಗೆ ತೀರ್ಪು ಬಂದ ದಿನದಿಂದ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಮಾತ್ರ ಕಳೆಯುತ್ತಾರೆ. ನಿಮಗೆ ಸುದ್ದಿ ಯಾವಾಗ ತಿಳಿಯಿತು ಅನ್ನುವುದು ಲೆಕ್ಕಕ್ಕಿಲ್ಲ. ಊರಲ್ಲಿ ಯಾರೂ ಗೆದ್ದ ತಕ್ಷಣ ಹೇಳಿಕೊಂಡು ತಿರುಗುವುದಿಲ್ಲ, ಹಣ ಕೈಗೆ ಬಂದ ಮೇಲೆ ಹೊಸ ಟ್ರ್ಯಾಕ್ಟರ್ ಬಂದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಮೂರು ತಿಂಗಳು ಎಂದೋ ಮುಗಿದಿರುತ್ತದೆ. ಇನ್ನೊಂದು ವಿಷಯ. ಪಕ್ಕದವರು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು ಜಾಸ್ತಿ ಪಡೆದಿದ್ದರೆ ಅದನ್ನು ಹಿಡಿದು 28ಎ ಅರ್ಜಿ ನಡೆಯುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟ್ ವಿಚಾರಣೆ ಮಾಡಿ ಕೊಟ್ಟ ತೀರ್ಪೇ ಬೇಕು.

ಹೆದ್ದಾರಿಗೆ ಜಮೀನು ಹೋದವರು ಈ ಸೆಕ್ಷನ್ ನಂಬಿಕೊಂಡು ಕೂರಬೇಡಿ. ಪುಣೆ–ಬೆಂಗಳೂರು ರಸ್ತೆ ಷಟ್ಪಥ ಆಗುವಾಗ ನಮ್ಮ ಎರಡೂ ಜಿಲ್ಲೆಯಲ್ಲಿ ಎಷ್ಟೋ ಜನರ ಹೊಲ ಹೋಯಿತು. ಅದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಅದರಲ್ಲಿ 28ಎ ಥರದ ಸೆಕ್ಷನ್ನೇ ಇಲ್ಲ. ದರ ಸಾಲದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ (ಆರ್ಬಿಟ್ರೇಟರ್) ಮುಂದೆ ನೀವೇ ಹೋಗಬೇಕು, ಸಾಮಾನ್ಯವಾಗಿ ಆ ಕುರ್ಚಿಯಲ್ಲಿರುವುದು ಡಿಸಿ. ಒಂದೇ ಊರಿನ ಎರಡು ಹೊಲ, ಒಂದು ಕಾಲುವೆಗೆ, ಇನ್ನೊಂದು ರಸ್ತೆಗೆ ಹೋದರೆ ದಾರಿ ಬೇರೆ ಬೇರೆ. ನೋಟಿಸಿನ ಮೊದಲ ಸಾಲಿನಲ್ಲೇ ಯಾವ ಕಾಯ್ದೆ ಅಂತ ಬರೆದಿರುತ್ತದೆ, ಅದನ್ನು ಓದಿ.

ತೆರಿಗೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅವರ ಗೆಲುವಿನಿಂದ ನಿಮಗೆ ಹಣ ವಾಪಸ್ ಬರುವುದಿಲ್ಲ. ಅಬಕಾರಿ ಸುಂಕ ಮತ್ತು ಕಸ್ಟಮ್ಸ್ ವಾಪಸಾತಿಯ ಬಗ್ಗೆ ಮಫತ್‌ಲಾಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1996ರ ಡಿಸೆಂಬರ್‌ನಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ. ಕಟ್ಟಿ ಸುಮ್ಮನಿದ್ದವರು, ಬೇರೆ ಯಾರೋ ಗೆದ್ದ ಮೇಲೆ ಎದ್ದು ಬಂದು ನನ್ನದೂ ಕೊಡಿ ಅನ್ನುವಂತಿಲ್ಲ, ತಮ್ಮ ಜಗಳ ತಾವೇ ಆಡಬೇಕು. ಜೊತೆಗೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡಿ ಕಟ್ಟಿದ್ದರೆ ವಾಪಸ್ ಕೇಳುವ ಹಕ್ಕೂ ಇಲ್ಲ.

ದಾವಣಗೆರೆ ಕಾಲೇಜುಗಳ ಊರು. ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ಪಿಜಿ, ಹಾಸ್ಟೆಲ್‌ಗಳಿಗೆ ಕಟ್ಟಡ ಬಾಡಿಗೆ ಕೊಟ್ಟವರು ಬೇಕಾದಷ್ಟು. ಅವರು ನನಗೆ ತೋರಿಸುವುದು 2022ರ ಫೆಬ್ರವರಿಯ ಹೈಕೋರ್ಟ್ ತೀರ್ಪು. ಬೆಂಗಳೂರಿನಲ್ಲಿ ಒಬ್ಬ ಮಾಲೀಕರು ಕಟ್ಟಡವನ್ನು ಒಂದು ಕಂಪನಿಗೆ ಬಾಡಿಗೆ ಕೊಟ್ಟಿದ್ದರು, ಕಂಪನಿ ಅದನ್ನು ಹಾಸ್ಟೆಲ್ ಮಾಡಿತ್ತು. ಜನ ವಾಸ ಮಾಡುವ ಜಾಗ, ಹಾಗಾಗಿ ಜಿಎಸ್‌ಟಿ ವಿನಾಯಿತಿ ಇದೆ ಎಂದಿತು ಕೋರ್ಟ್. ಒಳ್ಳೇ ತೀರ್ಪು. ಆದರೆ ಅದೇ ವರ್ಷ ಜುಲೈ 18ರಿಂದ ವಿನಾಯಿತಿಯ ನಿಯಮವೇ ಬದಲಾಯಿತು. ಜಿಎಸ್‌ಟಿ ನೋಂದಣಿ ಇರುವವರು ಮನೆ ಬಾಡಿಗೆಗೆ ಪಡೆದು ವ್ಯವಹಾರಕ್ಕೆ ಬಳಸಿದರೆ ತೆರಿಗೆ ಇದೆ, ಕಟ್ಟಬೇಕಾದವರು ಬಾಡಿಗೆ ಪಡೆದವರು. ಅಂದರೆ ಆ ತೀರ್ಪು ಆ ತಾರೀಖಿನ ಹಿಂದಿನ ನೋಟಿಸಿಗೆ ಬಂಗಾರ, ಆಮೇಲಿನದಕ್ಕೆ ಬರೀ ಓದುವ ಕಾಗದ.

ಸ್ಟೇ ಬಂದಿದೆಯಾ ಎಂಬುದನ್ನೂ ನೋಡಬೇಕು. ಆನ್‌ಲೈನ್ ಆಟದ ಗೇಮ್ಸ್‌ಕ್ರಾಫ್ಟ್ ಕಂಪನಿಗೆ ಬಂದಿದ್ದ ಸುಮಾರು 21,000 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸನ್ನು ನಮ್ಮ ಹೈಕೋರ್ಟ್ 2023ರ ಮೇ ತಿಂಗಳಲ್ಲಿ ರದ್ದು ಮಾಡಿತು. ಎಲ್ಲರೂ ಓದಿದರು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿದ್ದನ್ನು ಅರ್ಧ ಜನ ಓದಲಿಲ್ಲ. ಇನ್ನು ಪರೋಟಾ ಕಥೆ. 2020ರಲ್ಲಿ ಪರೋಟಾಕ್ಕೆ ಶೇ. 18 ತೆರಿಗೆ ಎಂದು ದೇಶವೆಲ್ಲ ನಕ್ಕಿತಲ್ಲ, ಅದು ಕೋರ್ಟ್ ತೀರ್ಪೇ ಅಲ್ಲ. ತೆರಿಗೆ ಎಷ್ಟು ಬೀಳುತ್ತದೆ ಎಂದು ವ್ಯಾಪಾರಿ ಮೊದಲೇ ಕೇಳಿ ತಿಳಿಯುವ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ ಆದೇಶ. ಅದು ಕೇಳಿದ ಕಂಪನಿಗೆ ಮತ್ತು ಆ ಕಂಪನಿಯ ಮೇಲಿನ ತೆರಿಗೆ ಅಧಿಕಾರಿಗೆ ಮಾತ್ರ ಅನ್ವಯ. 2024ರಲ್ಲಿ ಕೇರಳ ಹೈಕೋರ್ಟ್ ಬೇರೆ ಕಂಪನಿಯ ಪರೋಟಾಕ್ಕೆ ಶೇ. 5 ಎಂದಿತು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪನ್ನು ನಾವು ಇಲ್ಲಿ ಎತ್ತಿ ತೋರಿಸಬಹುದು, ಒಪ್ಪಲೇಬೇಕು ಅಂತ ಹೇಳಲಾಗದು. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ಸರ್ಕಾರವೇ ಪರೋಟಾದ ತೆರಿಗೆ ತೆಗೆದುಹಾಕಿತು. ಐದು ವರ್ಷ ಜಗಳ ಮಾಡಿದವರು ಏನು ಮಾಡಬೇಕೋ!

"ಆದೇಶ ರದ್ದು" ಎನ್ನುವ ತಲೆಬರಹವನ್ನು ನಾನು ಅಷ್ಟು ಬೇಗ ನಂಬುವುದಿಲ್ಲ. ತೆರಿಗೆ ರಿಟ್‌ಗಳಲ್ಲಿ ಎಷ್ಟೋ ಸಲ ಕೋರ್ಟ್ ಹೇಳುವುದು ಇಷ್ಟೇ: ಅಧಿಕಾರಿ ವ್ಯಾಪಾರಿಯ ಮಾತು ಸರಿಯಾಗಿ ಕೇಳಿಲ್ಲ, ಮತ್ತೆ ಕೇಳಿ ಹೊಸ ಆದೇಶ ಮಾಡಲಿ. ನಾವು ಅದಕ್ಕೆ ರಿಮಾಂಡ್ ಅನ್ನುತ್ತೇವೆ. ತೆರಿಗೆ ಕಟ್ಟಬೇಕಾ ಬೇಡವಾ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇರುವುದಿಲ್ಲ. ತೀರ್ಪಿನ ಕೊನೆಯ ಪುಟ ಮೊದಲು ಓದಿ.

ವ್ಯಾಪಾರದ ಬಾಕಿ ವಸೂಲಿ ಬಗ್ಗೆ ಕೇಳುವವರಿಗೆ ಚುಟುಕಾಗಿ. ವಾಣಿಜ್ಯ ವ್ಯಾಜ್ಯ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆ ಹಾಕುವ ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಶನ್) ಹೋಗಲೇಬೇಕು. ಇದು ಕಡ್ಡಾಯ ಎಂದು 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹೋಗದೆ ಹಾಕಿದ ದಾವೆ ಬಾಗಿಲಲ್ಲೇ ವಾಪಸ್. ಯಾವ ಹೈಕೋರ್ಟಿನ ಹಳೇ ತೀರ್ಪು ತಂದರೂ ಇದರ ಮುಂದೆ ನಿಲ್ಲದು.

ಹಾಗಾದರೆ ಏನು ತರಬೇಕು? ತೀರ್ಪಿನ ಫೋಟೋ ಬೇಡ, ಕೇಸಿನ ಸಂಖ್ಯೆ ಇದ್ದರೆ ಸಾಕು, ಹೈಕೋರ್ಟಿನ ವೆಬ್‌ಸೈಟಿನಲ್ಲಿ ನಾನೇ ತೆಗೆದುಕೊಳ್ಳುತ್ತೇನೆ. ನಿಮ್ಮ ಆದೇಶದ ಪೂರ್ತಿ ಪ್ರತಿ ತನ್ನಿ, ಎಲ್ಲ ಪುಟಗಳೂ. ಜಿಎಸ್‌ಟಿ ಆದೇಶವಾದರೆ ಮೇಲ್ಮನವಿಗೆ ಮೂರು ತಿಂಗಳು, ಸರಿಯಾದ ಕಾರಣ ಕೊಟ್ಟರೆ ಇನ್ನೊಂದು ತಿಂಗಳು, ವಿವಾದದಲ್ಲಿರುವ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು. ಆ ಆದೇಶ ಅಂಚೆಯಲ್ಲಿ ಬರುತ್ತದೆ ಅಂತ ಕಾಯಬೇಡಿ, ಪೋರ್ಟಲ್‌ನಲ್ಲಿ ಬಂದು ಕೂತಿರುತ್ತದೆ. ಪೋರ್ಟಲ್‌ನ ಪಾಸ್‌ವರ್ಡ್ ಲೆಕ್ಕ ಬರೆಯುವವರ ಹತ್ತಿರ ಇದೆ, ಅವರು ಫೋನ್ ಎತ್ತುತ್ತಿಲ್ಲ ಎನ್ನುವವರು ನನ್ನ ಆಫೀಸಿಗೆ ಬರುವ ಮೊದಲು ಅವರ ಅಂಗಡಿಗೆ ಹೋಗಿ ಬನ್ನಿ.