ಅತ್ತೆಯ ಕೋಣೆಗೆ ಬಣ್ಣ

ಸಾಗರದ ನಮ್ಮ ಮನೆಯ ಹಿಂಬದಿಗೆ ಈ ವರ್ಷ ಒಂದು ಕೋಣೆ ಸೇರಿಸಿದೆವು, ಅತ್ತೆಗೆ ಅಂತ. ಏಪ್ರಿಲ್ ಕೊನೆಗೆ ಗಾರೆ ಕೆಲಸ ಮುಗಿಯಿತು. 7 ದಿನ ಬೆಳಿಗ್ಗೆ, ಸಂಜೆ ನಾನೇ ಪೈಪ್ ಹಿಡಿದು ಗೋಡೆಗೆ ನೀರು ಬಿಟ್ಟೆ. ಮಳೆಗೆ ಮೊದಲೇ ಪೇಂಟ್ ಮುಗಿಸಿಬಿಡೋಣ ಅಂತ ಇವರು. ನಾನು ಬೇಡವೇ ಬೇಡ ಅಂದೆ.

ನಮ್ಮ ಜಗಲಿಯ ಗೋಡೆ ಹಾಳಾಗಿದ್ದು ಇದೇ ಅವಸರದಿಂದ. ಮಗಳ ನಾಮಕರಣ ಬಂತು ಅಂತ ಗಾರೆಯಾದ 15 ದಿನಕ್ಕೇ ಆಯಿಲ್ ಪೇಂಟ್ ಹೊಡೆಸಿದ್ದೆವು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದವು. ಒತ್ತಿದರೆ ಒಳಗೆ ಸೋಪಿನ ಹಾಗೆ ಜಾರುತ್ತಿತ್ತು. ಅದು ನಿಜವಾಗಿಯೂ ಸೋಪೇ ಅಂತ ಆಮೇಲೆ ತಿಳಿಯಿತು. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ಗೋಡೆಯೊಳಗೆ ನೀರೂ ಇದ್ದರೆ ಆ ಕ್ಷಾರ ಪೇಂಟಿನ ಎಣ್ಣೆಯನ್ನು ಸೋಪು ಮಾಡಿಬಿಡುತ್ತದೆ.

28 ದಿನ ಬಿಟ್ಟರೆ ಸಾಕು ಅಂತಾರೆ. ಬಯಲುಸೀಮೆಯ ಬಿಸಿಲಿಗೆ ಸರಿ ಇರಬಹುದು. ನಮ್ಮಲ್ಲಿ ಜೂನ್ ಬಂತೆಂದರೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೋಡೆ ಒಣಗುತ್ತಾ? ಜುಲೈನಲ್ಲಿ ಒಂದು ಅಡಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಮರುದಿನ ಹಾಳೆಯ ಒಳಗೆಲ್ಲ ಹನಿ. ಸೆಪ್ಟೆಂಬರಿನಲ್ಲೂ ಹಾಗೇ. ಕಿಟಕಿ ಕೆಳಗೆ ಬಿಳಿ ಉಪ್ಪು ಬೇರೆ ಹೂವಿನ ಹಾಗೆ ಅರಳಿತ್ತು. ಅದನ್ನು ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ಉದುರಿಸಿದೆ. ಮೂರು ಸಲ ಬಂತು, ಮೂರು ಸಲವೂ ಉಜ್ಜಿದೆ. ಆಮೇಲೆ ಬರಲಿಲ್ಲ.

"ಸುಣ್ಣ ಬಳಿದಿದ್ರೆ ಇಷ್ಟೆಲ್ಲ ತಾಪತ್ರಯ ಇರ್ಲಿಲ್ಲ ಕಣೇ" ಅಂದರು ಅತ್ತೆ. ನಿಜ. ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಕ್ಷಾರಕ್ಕೂ ಹೆದರುವುದಿಲ್ಲ. ಆದರೆ ಒರಗಿ ಕೂತರೆ ಸೀರೆಗೆಲ್ಲ ಹತ್ತುತ್ತದೆ ಅಂತ ಅವರೇ ಬೇಡ ಅಂದರು.

ದೀಪಾವಳಿ ಕಳೆದು ಎರಡು ವಾರಕ್ಕೆ ಹಾಳೆ ಒಣಗಿಕೊಂಡೇ ಬಂತು. ಆವತ್ತು ನನಗಾದ ಖುಷಿ ಹೇಳತೀರದು.

ಪೇಂಟರ್ ಅಣ್ಣ ಬಂದವರೇ ಗೋಡೆಗೆ ನೀರು ಚಿಮುಕಿಸತೊಡಗಿದಾಗ ಎದೆ ಧಸಕ್ಕೆಂದಿತು. ಇಷ್ಟು ತಿಂಗಳು ಒಣಗಿಸಿ ಮತ್ತೆ ನೀರಾ? ಅವರು ಸಮಾಧಾನವಾಗಿ ವಿವರಿಸಿದರು. ಪೇಂಟಿಗೆ ಮೊದಲು ಗೋಡೆ ನುಣುಪಾಗಲು ಬಳಿಯುವ ಬಿಳಿ ಸಿಮೆಂಟಿನ ಪುಟ್ಟಿ ಗಟ್ಟಿಯಾಗಲು ನೀರು ಬೇಕು. ಒಣ ಗೋಡೆ ಆ ನೀರನ್ನು ಹೀರಿಕೊಂಡರೆ ಪುಟ್ಟಿ ಪುಡಿಪುಡಿಯಾಗಿ ಉದುರುತ್ತದೆ. ಮೇಲ್ಮೈ ತುಸು ಒದ್ದೆಯಾದರೆ ಸಾಕು, ಅದು ಬೇಗ ಆರುತ್ತದೆ.

ಎರಡು ಕೋಟ್ ಪುಟ್ಟಿ ತೆಳ್ಳಗೆ ಎಳೆದರು. ಅದು ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿದು ನಾನೂ ಉಜ್ಜಿದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು, ಅಷ್ಟು ಧೂಳು. ಸಂಜೆ ದೀಪ ಆರಿಸಿ, ಗೋಡೆಗೆ ತಾಗಿಸಿ ಟಾರ್ಚ್ ಹಿಡಿದರೆ ಹಗಲು ಕಾಣದ ಉಬ್ಬು ತಗ್ಗುಗಳೆಲ್ಲ ನೆರಳಾಗಿ ಕಾಣುತ್ತವೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟೆ. ಬೆಳಿಗ್ಗೆ ಅಷ್ಟನ್ನೂ ಸರಿ ಮಾಡಿದರು. ಆಮೇಲೆ ಪೇಂಟ್ ಚೆನ್ನಾಗಿ ಹಿಡಿಯಲು ಪ್ರೈಮರ್, ಅದರ ಮೇಲೆ ಎರಡು ಕೋಟ್ ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಪೇಂಟ್.

ಬಣ್ಣ ಅತ್ತೆ ಆರಿಸಿದ್ದು, ಹಾಲಿನ ಕೆನೆಯಂಥದ್ದು. ನಿನ್ನೆ ಅವರ ಮಂಚ ಒಳಗೆ ಬಂತು. ಜಗಲಿಯ ಗೋಡೆಯನ್ನು ಫೆಬ್ರವರಿಯಲ್ಲಿ ಕೆರೆಯುವುದು ಅಂತ ಮಾತಾಗಿದೆ.