ಅಮಲು ಜಿಲ್ಲೆಗೊಂದು ಬಗೆಯಾದರೆ, ಚಿಕಿತ್ಸೆ ಎಲ್ಲರಿಗೂ ಒಂದೇ ಏಕೆ?

ಕರ್ನಾಟಕದಲ್ಲಿ ಮಾದಕ ವ್ಯಸನದ ಮಾತು ಬಂದಾಗಲೆಲ್ಲ ಬೆಂಗಳೂರಿನ ಪಾರ್ಟಿಗಳು, ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಿನ ಸಾಗಣೆ, ಪೊಲೀಸರು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಪೊಟ್ಟಣಗಳ ಚಿತ್ರ ಇವಿಷ್ಟೇ ಮುಖಪುಟಕ್ಕೆ ಬರುತ್ತವೆ. ಆ ಸುದ್ದಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ರಾಜ್ಯದ ಬಹುಪಾಲು ಮನೆಗಳನ್ನು ಹಾಳುಮಾಡುತ್ತಿರುವ ಅಮಲು ಆ ಮೇಜಿನ ಮೇಲೆ ಕಾಣಿಸುವುದೇ ಇಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದೊಳಗಿನವರ ಪೈಕಿ ಶೇ 14.6ರಷ್ಟು ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ: ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಅಥವಾ ನೆರವು ಸಿಕ್ಕಿದೆ, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಹತ್ತಿರದ ಬಂಧುಗಳ ಮನೆಯಲ್ಲಿ ಈ ಕಷ್ಟ ಬಂದಾಗ ಅವರೊಂದಿಗೆ ನಾನೂ ಚಿಕಿತ್ಸೆ ಹುಡುಕಿಕೊಂಡು ಅಲೆದೆ. ಆಗ ನನಗೆ ಮನವರಿಕೆಯಾದದ್ದು ಇಷ್ಟು: ಎಲ್ಲಿ ಸೇರಿಸಬೇಕು ಎಂದು ಕೇಳುವ ಮೊದಲು, ಆ ವ್ಯಕ್ತಿ ಏನನ್ನು, ಎಷ್ಟನ್ನು, ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದಾನೆ, ಕೊನೆಯ ಬಾರಿ ಯಾವಾಗ ತೆಗೆದುಕೊಂಡ ಎಂಬುದನ್ನು ತಿಳಿಯಬೇಕು. ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಒಂದೊಂದು ಕಡೆ ಒಂದೊಂದು ಬಗೆ, ಅದರೊಂದಿಗೆ ಅಪಾಯವೂ ಬದಲಾಗುತ್ತದೆ. ಕರಾವಳಿಯ ಕಾಲೇಜು ಪಟ್ಟಣಗಳಲ್ಲಿ ಗಾಂಜಾ ಮತ್ತು ಎಂಡಿಎಂಎ ಮಾತು ಹೆಚ್ಚು. ಹುಬ್ಬಳ್ಳಿ, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಟ್ಯಾಪೆಂಟಡಾಲ್ ಎಂಬ ನೋವು ನಿವಾರಕ ಮಾತ್ರೆಯ ದುರ್ಬಳಕೆ ಸುದ್ದಿಯಾಗುತ್ತಿದೆ. ಅದನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವವರಿದ್ದಾರೆ. ಒಂದೇ ಸೂಜಿ ಹಲವರ ಕೈ ದಾಟಿದರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಕೂಡ ಅದರೊಂದಿಗೆ ದಾಟುತ್ತವೆ. ದೊಡ್ಡ ರೈಲು ನಿಲ್ದಾಣಗಳ ಸುತ್ತ ಬದುಕುವ ಮಕ್ಕಳಿಗೆ ವೈಟ್‌ನರ್, ಪಂಕ್ಚರ್ ಸಲ್ಯೂಷನ್‌ಗಳೇ ಅಮಲು.

ರಾಯಚೂರು ಕಡೆಯ ಕಥೆಯೇ ಬೇರೆ. ಅಲ್ಲಿ ಸೇಂದಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಮರದಿಂದ ಇಳಿಸಿದ ರಸ ಎಷ್ಟಿದೆಯೋ ಹೇಳುವುದು ಕಷ್ಟ. ಜನರ ಬಾಯಲ್ಲಿ ಸಿಎಚ್ ಪೌಡರ್ ಎಂದೇ ಚಾಲ್ತಿಯಲ್ಲಿರುವ ಕ್ಲೋರಲ್ ಹೈಡ್ರೇಟ್, ಅದರೊಂದಿಗೆ ಆಲ್ಪ್ರಾಜೋಲಮ್‌ನಂಥ ನಿದ್ರೆ ಬರಿಸುವ ಔಷಧಗಳನ್ನು ನೀರಿಗೆ ಬೆರೆಸಿ ಮಾರುವ ದಂಧೆಯ ಮೇಲೆ ಅಬಕಾರಿ ಇಲಾಖೆಯ ದಾಳಿಗಳು ಮತ್ತೆ ಮತ್ತೆ ನಡೆಯುತ್ತವೆ. ದಾಳಿ ಬೇಕು, ನಿಜ. ಆದರೆ ದಾಳಿಯ ಮರುದಿನ ಏನಾಗುತ್ತದೆ ಎಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ವರ್ಷಗಟ್ಟಲೆ ದಿನವೂ ಇದನ್ನು ಕುಡಿದ ಕೂಲಿಕಾರ್ಮಿಕನಿಗೆ ಅದು ಒಮ್ಮೆಲೇ ಸಿಗದೆಹೋದರೆ ಮೈ ಅದುರುತ್ತದೆ, ನಿದ್ದೆ ಹತ್ತುವುದಿಲ್ಲ, ಮಾತು ತೊದಲುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಮನೆಯವರು ದೆವ್ವ ಮೆಟ್ಟಿದೆ ಎಂದು ಭಾವಿಸಿ ದರ್ಗಾಕ್ಕೋ ಗುಡಿಗೋ ಕರೆದೊಯ್ಯುತ್ತಾರೆ. ಪೂರೈಕೆ ನಿಲ್ಲಿಸುವ ಇಲಾಖೆ ಅದೇ ದಿನ ಆರೋಗ್ಯ ಇಲಾಖೆಗೂ ಒಂದು ಮಾತು ತಿಳಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಮತ್ತು ಹಾಸಿಗೆ ಸಿದ್ಧವಾಗಿರುವಂತೆ ನೋಡಿಕೊಂಡರೆ ಎಷ್ಟೋ ಜೀವ ಉಳಿಯುತ್ತವೆ.

ಮದ್ಯವನ್ನು ಹಠಾತ್ತನೆ ನಿಲ್ಲಿಸಿದಾಗಲೂ ಇದೇ ಬಗೆಯ ಅಪಾಯವಿದೆ. ನಾನು ಕಣ್ಣಾರೆ ಕಂಡದ್ದೂ ಇದನ್ನೇ. ದಿನವೂ ವಿಪರೀತ ಕುಡಿಯುತ್ತಿದ್ದ ನಮ್ಮ ಬಂಧು ಒಂದು ಮುಂಜಾನೆ, ಇನ್ನು ಮುಟ್ಟುವುದಿಲ್ಲ ಎಂದು ಆಣೆಮಾಡಿ ನಿಲ್ಲಿಸಿಬಿಟ್ಟರು, ಮನೆಯವರೆಲ್ಲ ಹಿಗ್ಗಿದರು. ಎರಡು ದಿನ ಕಳೆಯುವಷ್ಟರಲ್ಲಿ ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟ ತುಟಿ ಮುಟ್ಟುವ ಮೊದಲೇ ಕಾಫಿ ಅಂಗಿಯ ಮೇಲೆ ಚೆಲ್ಲುತ್ತಿತ್ತು. ರಾತ್ರಿ ಅವರು ಹೊದಿಕೆಯ ಮೇಲಿನಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತಿದ್ದರು, ಮಗಳನ್ನು ತಂಗಿ ಎಂದು ಕರೆಯುತ್ತಿದ್ದರು. ಇದು ಹುಚ್ಚೂ ಅಲ್ಲ, ನಾಟಕವೂ ಅಲ್ಲ. ಕೊನೆಯ ಗುಟುಕಿನ ನಂತರದ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ವೈದ್ಯರು ಡೆಲಿರಿಯಂ ಎನ್ನುವ ಈ ಭ್ರಮಾಸ್ಥಿತಿ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಎಂಬ ಶಮನಕಾರಿ ಔಷಧ ಕೊಟ್ಟು, ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಮಿದುಳನ್ನು ಕಾಯಲು ಥಯಾಮಿನ್ ಎಂಬ ಬಿ1 ವಿಟಮಿನ್‌ನ ಚುಚ್ಚುಮದ್ದು ನೀಡುವ ಈ ಚಿಕಿತ್ಸೆ ಆಸ್ಪತ್ರೆಗಳಿಗೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಹೆರಾಯಿನ್ ಅಥವಾ ನೋವು ನಿವಾರಕ ಬಿಟ್ಟವರಲ್ಲಿ ಮೈಕೈ ನೋವು, ಆಕಳಿಕೆ, ಮೂಗು ಸೋರುವಿಕೆ, ಭೇದಿ ಕಾಣಿಸಿಕೊಳ್ಳುತ್ತವೆ. ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆದರೆ ಬಿಟ್ಟ ಮೇಲೆ ಒಂದು ದಿನ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ, ತಾಳಿಕೆ ಕಳೆದುಕೊಂಡ ದೇಹದಲ್ಲಿ ಉಸಿರಾಟವೇ ನಿಂತುಹೋಗಬಹುದು. ಆದ್ದರಿಂದಲೇ ಅಂಥವರಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಡುವ ಬದಲಿ ಔಷಧ ಚಿಕಿತ್ಸೆಯಿದೆ. ಒಂದು ಚಟ ಬಿಡಿಸಿ ಇನ್ನೊಂದನ್ನು ಹಿಡಿಸುತ್ತಾರೆ ಎಂದು ಅದನ್ನು ಹಳಿಯುವವರು ಅದು ಉಳಿಸಿದ ಜೀವಗಳನ್ನು ನೋಡಿಲ್ಲ.

ಇಷ್ಟು ತಿಳಿದ ಮೇಲೆ ಖಾಸಗಿ ಕೇಂದ್ರಗಳ ಬಾಗಿಲಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. ನಾವು ಹೋಗಿದ್ದ ಒಂದು ಕೇಂದ್ರದಲ್ಲಿ ಶುಲ್ಕದ ಪಟ್ಟಿ ಮೊದಲು ಬಂತು, ವೈದ್ಯರ ಹೆಸರು ಕೊನೆಯವರೆಗೂ ಬರಲಿಲ್ಲ. ಮೂರು ತಿಂಗಳು ಫೋನ್ ಇಲ್ಲ, ಭೇಟಿಯೂ ಇಲ್ಲ ಎಂದರು. ಕೋಣೆಗಳ ಚಿಲಕಗಳು ಹೊರಗಡೆಗಿದ್ದವು. ನಾವು ಅಲ್ಲಿಂದ ಎದ್ದು ಬಂದೆವು. ಬೇರೆ ದಾರಿ ಕಾಣದೆ ಅಲ್ಲೇ ಬಿಟ್ಟುಹೋಗುವ ಕುಟುಂಬಗಳನ್ನು ನಾನು ದೂಷಿಸಲಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಇಂಥವರನ್ನು ಇರಿಸಿಕೊಳ್ಳುವ ಸಂಸ್ಥೆಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ನೋಂದಣಿ ಪತ್ರ ಎಲ್ಲಿದೆ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಗೋಡೆಗಳ ಮೇಲೂ ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲೂ ಕಾಣುವ, ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಚಟ ಬಿಡಿಸಿ ಎನ್ನುವ ಪುಡಿಗಳ ಬಗ್ಗೆ ನನಗೆ ಸಿಟ್ಟಿದೆ. ಡೈಸಲ್ಫಿರಾಮ್ ಎಂಬ ಔಷಧ ನಿಜವಾಗಿಯೂ ಇದೆ, ವೈದ್ಯರ ಕೈಯಲ್ಲಿ ಅದು ಉಪಯುಕ್ತವೇ. ಆದರೆ ಅದು ದೇಹದಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ದುರ್ಬಲವಾಗಿದ್ದವರು ಸಾಯಲೂಬಹುದು. ಆದ್ದರಿಂದ ರೋಗಿಗೆ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆ ಪಡೆದೇ ಅದನ್ನು ಕೊಡಬೇಕು. ಪೊಟ್ಟಣದೊಳಗೆ ಏನಿದೆ ಎಂದು ತಿಳಿಯದೆ ಗಂಡನ ಸಾರಿಗೆ ಬೆರೆಸುವ ಹೆಂಡತಿ ಎಷ್ಟು ದೊಡ್ಡ ಅಪಾಯಕ್ಕೆ ಕೈ ಹಾಕುತ್ತಿದ್ದಾಳೆ ಎಂಬುದನ್ನು ಆಕೆಗೆ ಯಾರೂ ಹೇಳುವುದಿಲ್ಲ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ನೆರವಿನಿಂದ ಹಳ್ಳಿಹಳ್ಳಿಗಳಲ್ಲಿ ನಡೆದಿರುವ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ಊರವರು ಜೊತೆ ನಿಲ್ಲುವುದು, ಬಿಟ್ಟವರು ಆಮೇಲೂ ನವಜೀವನ ಸಮಿತಿಗಳಲ್ಲಿ ಸೇರುತ್ತಿರುವುದು ಯಾವ ಮಾತ್ರೆಯಿಂದಲೂ ಸಿಗದ ಬಲ. ಆದರೂ ಹಿಂದೆ ಫಿಟ್ಸ್ ಬಂದವರು, ಯಕೃತ್ತು ಹಾಳಾದವರು, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ನಡುಗುವವರು ಶಿಬಿರಕ್ಕೆ ಹೋಗುವ ಮೊದಲು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಎಲ್ಲಿಂದ ಆರಂಭಿಸುವುದು ಎಂದು ತೋಚದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆ ಫೋನ್ ಮೂಲಕ ನೆರವು ನೀಡುವ ಟೆಲಿ ಮಾನಸ್ ಸೇವೆಯಿದು, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ಗಾಂಜಾ, ಹೆರಾಯಿನ್ ಬಳಸುವ ಮಕ್ಕಳ ತಂದೆತಾಯಂದಿರು ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಯತ್ತ ಸುಳಿಯುವುದಿಲ್ಲ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರೈಸಿದರೆ, ಮಾದಕ ವಸ್ತುಗಳ ನಿಯಂತ್ರಣಕ್ಕಾಗಿ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಇದನ್ನು ಕಾಲೇಜುಗಳ ಸೂಚನಾ ಫಲಕದಲ್ಲಿ ಹಾಕಿದರೂ ಸಾಕಷ್ಟು ಉಪಕಾರವಾದೀತು.

ಬಿಟ್ಟವರಲ್ಲಿ ಹಲವರು ಮತ್ತೆ ಹಿಡಿಯುತ್ತಾರೆ, ಮೊದಲ ಕೆಲವು ತಿಂಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ನಾವು ಅವರನ್ನು ಮನೆಯಿಂದ ಹೊರಹಾಕುವುದಿಲ್ಲ, ಇಲ್ಲಿಯೂ ಅದೇ ತಾಳ್ಮೆ ಬೇಕು. ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಪ್ರತಿ ಭೇಟಿಗೂ ಕೂಲಿಯವನು ತನ್ನ ಒಂದು ದಿನದ ಸಂಬಳವನ್ನೂ, ಜೊತೆಗೆ ಬರುವ ಹೆಂಡತಿ ತನ್ನ ಸಂಬಳವನ್ನೂ ಬಿಡಬೇಕು. ಅಷ್ಟು ಕಷ್ಟಪಟ್ಟು ಬಂದವರಿಗೆ ಮಾತ್ರೆ ಸ್ಟಾಕ್ ಇಲ್ಲ, ಹೊರಗಿನಿಂದ ಕೊಂಡುಕೊಳ್ಳಿ ಎಂಬ ಚೀಟಿ ಸಿಕ್ಕರೆ ಅವರು ಮುಂದಿನ ತಿಂಗಳು ಬರುವುದಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಈ ಔಷಧಗಳನ್ನು ಖಾಯಂ ಆಗಿ ತರಿಸಿಡಬೇಕೆಂದು ನಾವು ಕೆಲವರು ಸೇರಿ ಅರ್ಜಿ ಬರೆದು ಕೊಟ್ಟಿದ್ದೇವೆ. ನಿಮ್ಮ ತಾಲ್ಲೂಕಿನಲ್ಲೂ ಒಂದು ಅರ್ಜಿ ಕೊಡಿ.